ಬೈರಣ್ಣ ಹಾಕಿದ ಚಿಟಿಕೆ ಗ್ಲೂಕೋಸು

ಇಲ್ಲ ಸ್ವಾಮಿ, ನೀವು ತಲೆ ಅಲ್ಲಾಡಿಸಿದ ಮಾತ್ರಕ್ಕೆ ನಡೆದದ್ದು ನಡೆಯಲಿಲ್ಲ ಎಂದಾಗುವುದಿಲ್ಲ. ಕಣ್ಣಿಗೆ ಕಾಣದ ಜೀವಿಗಳು ಒಂದು ಬಗೆಯ ಊಟ ಮುಗಿಸಿ, ಮುಕ್ಕಾಲು ಗಂಟೆ ಕೈಕಟ್ಟಿ ಕೂತು, ಆಮೇಲೆ ಇನ್ನೊಂದು ಬಗೆಯ ಊಟಕ್ಕೆ ಕೈ ಹಾಕಿದವು ಎಂದರೆ ನೀವು ನಂಬುವುದಿಲ್ಲ, ಸರಿ. ಆ ಮುಕ್ಕಾಲು ಗಂಟೆಯ ದೆಸೆಯಿಂದ ಕತ್ರಿಗುಪ್ಪೆಯ ಬೈರಣ್ಣನ ನೌಕರಿಗೇ ಸಂಚಕಾರ ಬಂದಿತ್ತು ಎಂದರೆ ಅದನ್ನೂ ನಂಬಬೇಡಿ. ಜೀವಿಗಳಿಗೆ ಕೈ ಎಲ್ಲಿಂದ ಬಂತು ಅಂತ ಕೇಳುತ್ತೀರಾ? ಮಾತಿಗೆ ಹೇಳಿದೆ. ಹೀಗೆ ಒಂದೊಂದು ಮಾತಿಗೂ ಜಾಮೀನು ಕೇಳುತ್ತಾ ಕೂತರೆ ಬೈರಣ್ಣ ಕತ್ರಿಗುಪ್ಪೆ ಬಿಟ್ಟು ಹೊರಡುವುದೇ ಇಲ್ಲ, ನಮ್ಮ ಕಥೆಯೂ ಹೊರಡುವುದಿಲ್ಲ.

ಆಗ ಸಾವಿರದ ಒಂಬೈನೂರ ಅರವತ್ತಮೂರು. ಕತ್ರಿಗುಪ್ಪೆ ಇನ್ನೂ ಹಳ್ಳಿ. ಬೆಳಿಗ್ಗೆ ಎದ್ದರೆ ಹೊಲ, ಬಾವಿ, ಹುಣಸೇಮರ, ಅಷ್ಟೇ. ಬೈರಣ್ಣನ ಅಪ್ಪನ ಕಾಲದಿಂದ ಬಂದ ಒಂದು ತುಂಡು ಜಮೀನು ಯಡಿಯೂರು ಕೆರೆಯ ಆಚೆ ಇತ್ತು. ಅದರಲ್ಲಿ ಅವನು ದಂಟು, ಮೆಂತ್ಯ, ಕೊತ್ತಂಬರಿ ಬೆಳೆದು ಬಸವನಗುಡಿಯ ಬೀದಿಗಳಿಗೆ ಹೊತ್ತು ಮಾರುತ್ತಿದ್ದ. ಜಯನಗರದ ಬಡಾವಣೆ ಬಂದಾಗ ಅದು ಬಡಾವಣೆಯೊಳಗೆ ಸೇರಿಹೋಯಿತು. ಅದಕ್ಕೆ ಅವನು ಅತ್ತವನಲ್ಲ. ಯಾರಾದರೂ ಅಯ್ಯೋ ಅಂದರೆ, ನನ್ನ ಹೊಲದಲ್ಲಿ ಈಗಲೂ ಬೆಳೆ ಬರುತ್ತೆ, ಮೊದಲು ದಂಟಿನಸೊಪ್ಪು ಬರ್ತಿತ್ತು, ಈಗ ರಿಟೈರ್ಡ್ ಇಂಜಿನಿಯರುಗಳು ಬರ್ತಾರೆ, ನೀರು ಇಬ್ಬರಿಗೂ ಜಾಸ್ತಿ ಬೇಕು ಎನ್ನುತ್ತಿದ್ದ.

ಸೊಪ್ಪು ಹೋದ ಮೇಲೆ ಜಯನಗರಕ್ಕೂ ಬಸವನಗುಡಿಗೂ ನಡುವೆ ಇದ್ದ ಒಂದು ಸೈನ್ಸ್ ಕಾಲೇಜಿನಲ್ಲಿ ತೋಟದ ಕೆಲಸಕ್ಕೆ ಸೇರಿದ. ಕಾಲೇಜಿನ ಹೆಸರು ಬೇಡ ಬಿಡಿ. ಹೂವಿನ ಗಿಡದ ಪಾತಿಯಲ್ಲಿ ಅವನು ಅಭ್ಯಾಸಬಲದಿಂದ ಮೆಂತ್ಯ ಹಾಕಿಬಿಟ್ಟದ್ದರಿಂದ ಅವನನ್ನು ತೋಟದಿಂದ ಎತ್ತಿ ಪ್ರಯೋಗಶಾಲೆಗೆ ಹಾಕಿದರು, ಅಟೆಂಡರ್ ಅಂತ. ನಲವತ್ತೈದು ವರ್ಷ, ಕಪ್ಪಗೆ ನೆಟ್ಟಗೆ ಆಳು, ನಾಲ್ಕನೇ ಕ್ಲಾಸು ಓದು. ಸೈಕಲ್ಲಿಗೆ ಬ್ರೇಕಿರಲಿಲ್ಲ. ಕತ್ರಿಗುಪ್ಪೆಯಲ್ಲಿ ಹತ್ತಿದರೆ ಕಾಲೇಜಿನ ಗೇಟಿನ ಪಕ್ಕದ ಹೊಂಗೆಮರವೇ ಬ್ರೇಕು. ಮೂರು ವರ್ಷದಲ್ಲಿ ಆ ಮರ ಎರಡಡಿ ಪೂರ್ವಕ್ಕೆ ಸರಿದಿತ್ತು. ಹುಬ್ಬು ಏರಿಸಬೇಡಿ, ಒಂದಡಿ ಅಂತ ಇಟ್ಟುಕೊಳ್ಳಿ.

ಮೂರು ವರ್ಷವೂ ಅವನು ಟೆಂಪರರಿ. ಕಾಯಂ ಆಗುವ ಫೈಲು ಪ್ರಿನ್ಸಿಪಾಲ್ ಅನಂತಪದ್ಮನಾಭರ ಮೇಜಿನ ಮೇಲೆ ಕೂತಿತ್ತು. ಅನಂತಪದ್ಮನಾಭರು ತಡವಾಗಿ ಬಂದವರನ್ನು ಕ್ಷಮಿಸುತ್ತಿದ್ದರು, ಗಾಜು ಒಡೆದವರನ್ನು ಕ್ಷಮಿಸುತ್ತಿದ್ದರು, ಪುಸ್ತಕದಲ್ಲಿ ಸುಳ್ಳು ಅಂಕಿ ಬರೆದವರನ್ನು ಮಾತ್ರ ಕ್ಷಮಿಸುತ್ತಿರಲಿಲ್ಲ. ಬೈರಣ್ಣನಿಗಿಂತ ಮುಂಚೆ ಇದ್ದ ಅಟೆಂಡರು ಒಬ್ಬ ಆಸಿಡ್ಡಿನ ಬಾಟಲಿಯಲ್ಲಿ ಏನೋ ಕಲಬೆರಕೆ ಮಾಡಿ ಒಂದೇ ದಿನದಲ್ಲಿ ಮನೆಗೆ ಹೋಗಿದ್ದ. ಬೈರಣ್ಣನ ಫೈಲಿಗೆ ಬೇಕಿದ್ದದ್ದು ಪ್ರಯೋಗಶಾಲೆಯ ಮೇಷ್ಟ್ರು ಕೊಡುವ ಒಂದು ರಿಪೋರ್ಟು. ಅದು ಬಂದರೆ ಕಾಯಂ, ಇಲ್ಲದಿದ್ದರೆ ಉತ್ತರಹಳ್ಳಿ ಕಡೆ ಕಲ್ಲುಕ್ವಾರಿಯಲ್ಲಿ ಸುತ್ತಿಗೆ. ಮಂಗಮ್ಮ, ಅಂದರೆ ಅವನ ಹೆಂಡತಿ, ಆ ಸುತ್ತಿಗೆಯ ಮಾತು ಬಂದಾಗಲೆಲ್ಲ ಎದ್ದು ಒಳಗೆ ಹೋಗುತ್ತಿದ್ದಳು.

ಆ ಮೇಷ್ಟ್ರು ವೆಂಕಟಾಚಲ. ಮೂವತ್ತು ವರ್ಷದ ಹುಡುಗುಮುಖದವನು, ಜಯನಗರದ ಹೊಸ ಮನೆ, ತಲೆ ತುಂಬ ಹೊರದೇಶದ ಪತ್ರಿಕೆಗಳು. ಎರಡು ವರ್ಷದ ಹಿಂದೆ ಫ್ರಾನ್ಸಿನ ವಿಜ್ಞಾನಿಗಳು ಬರೆದಿದ್ದ ಒಂದು ಲೇಖನ ಅವನ ನಿದ್ದೆ ಕೆಡಿಸಿತ್ತು. ಅದರಲ್ಲಿ ಹೇಳಿದ್ದನ್ನು ತನ್ನ ಕಣ್ಣಿಂದಲೇ ನೋಡಬೇಕು ಅಂತ ಅವನ ಹಟ. ಕೆಲಸ ಮಾಡುವವನಿಗೆ ಕೆಲಸದ ಅರ್ಥ ಗೊತ್ತಿರಬೇಕು ಅನ್ನುವ ಒಳ್ಳೆ ಬುದ್ಧಿ ಅವನಿಗೆ ಇತ್ತಾದ್ದರಿಂದ ಮೊದಲ ದಿನವೇ ಬೈರಣ್ಣನನ್ನು ಸ್ಟೂಲಿನ ಮೇಲೆ ಕೂರಿಸಿ ಪಾಠ ಮಾಡಿದ.

ಪಾಠ ಇಷ್ಟು. ನಮ್ಮ ಕರುಳಿನಲ್ಲೇ ವಾಸ ಮಾಡುವ ಒಂದು ಜಾತಿ ಬ್ಯಾಕ್ಟೀರಿಯಾ ಇದೆ. ಒಂದೇ ಒಂದು ಜೀವಕೋಶದ ಜೀವಿ, ಅದರ ಮೈಯೆಲ್ಲಾ ಆ ಒಂದು ಕೋಶವೇ. ಆ ಕೋಶದೊಳಗೆ ಜೀನುಗಳಿವೆ. ಜೀನು ಅಂದರೆ ಯಾವ ಪದಾರ್ಥವನ್ನು ಹೇಗೆ ತಯಾರಿಸಬೇಕು ಅನ್ನುವ ವಿಧಾನ, ಅಜ್ಜಿ ತಲೆಯಲ್ಲಿರುವ ಅಡುಗೆಗಳ ಹಾಗೆ. ಸಾವಿರಾರು ಅಡುಗೆ ಗೊತ್ತು, ಆದರೆ ಎಲ್ಲವನ್ನೂ ಎಲ್ಲ ದಿನವೂ ಮಾಡುವುದಿಲ್ಲ. ಹಾಲಿನಲ್ಲಿರುವ ಸಕ್ಕರೆಯನ್ನು ತಿನ್ನಬೇಕಾದರೆ ಅದನ್ನು ಎರಡು ಹೋಳು ಮಾಡುವ ಒಂದು ಕತ್ತರಿ ಬೇಕು. ಆ ಕತ್ತರಿ ಮಾಡುವ ವಿಧಾನ ಇವುಗಳ ಹತ್ತಿರ ಇದೆ, ಕತ್ತರಿ ಮಾತ್ರ ಮಾಡಿಟ್ಟುಕೊಂಡಿರುವುದಿಲ್ಲ. ಹಾಲಿನ ಸಕ್ಕರೆ ಎದುರಿಗೆ ಬಂದಾಗ ಮಾತ್ರ ಮಾಡಲು ಶುರು ಮಾಡುತ್ತವೆ. ಹಾಗಾಗಿ ಹಾಲಿನ ಸಕ್ಕರೆ ಒಂದನ್ನೇ ಹಾಕಿದ ನೀರಿನಲ್ಲಿ ಬಿಟ್ಟರೆ ಮೊದಲು ಸ್ವಲ್ಪ ಹೊತ್ತು ಬೆಳೆಯದೆ ಕೂತಿರುತ್ತವೆ, ಕತ್ತರಿ ಸಿದ್ಧವಾದ ಮೇಲೆ ಎದ್ದು ಬೆಳೆಯುತ್ತವೆ. ಆ ಮೊದಲ ಸ್ವಲ್ಪ ಹೊತ್ತನ್ನು ಅಳೆಯುವುದೇ ಪ್ರಯೋಗ.

ಬೈರಣ್ಣ ಎಲ್ಲವನ್ನೂ ಕೇಳಿ ಒಂದೇ ಪ್ರಶ್ನೆ ಕೇಳಿದ.

"ನನ್ ಹೊಟ್ಟೇಲೂ ಇದಾವಾ ಸಾರ್ ಇವು?"

ಕೋಟಿಗಟ್ಟಲೆ ಇವೆ ಎಂದ ವೆಂಕಟಾಚಲ. ಅಲ್ಲಿಂದ ಮುಂದೆ ಬೈರಣ್ಣ ಅವುಗಳನ್ನು ಬ್ಯಾಕ್ಟೀರಿಯಾ ಅನ್ನಲಿಲ್ಲ, ಮರಿಗಳು ಅಂದ. ಒಂದೇ ಹೊಟ್ಟೆಯಲ್ಲಿದ್ದವರ ಮೇಲೆ ಅಷ್ಟು ಪ್ರೀತಿ ಬೇಡವೇ?

ಅವನ ಕೆಲಸ ಎರಡು. ಹಿಂದಿನ ಸಂಜೆ ದೊಡ್ಡ ಗಾಜಿನ ಬುರುಡೆಯಲ್ಲಿ ಒಂದು ಲೀಟರ್ ನೀರಿಗೆ ಉಪ್ಪುಗಳನ್ನೂ ಹಾಲಿನ ಸಕ್ಕರೆಯನ್ನೂ ಕಲಸಿ, ಬಾಯಿಗೆ ಹತ್ತಿ ತುರುಕಿ, ಆವಿಯಲ್ಲಿ ಬೇಯಿಸಿ ಇಡುವುದು. ಬೆಳಿಗ್ಗೆ ಒಂಬತ್ತಕ್ಕೆ ಮೇಷ್ಟ್ರು ಮರಿಗಳನ್ನು ಬಿಟ್ಟ ಮೇಲೆ, ಕಾಲುಗಂಟೆಗೊಮ್ಮೆ ಒಂದಿಷ್ಟು ನೀರು ತೆಗೆದು ಮಬ್ಬು ಅಳೆಯುವ ಯಂತ್ರದಲ್ಲಿಟ್ಟು, ಮುಳ್ಳು ತೋರಿಸಿದ ಅಂಕಿಯನ್ನು ಪುಸ್ತಕದಲ್ಲಿ ಬರೆಯುವುದು. ಮರಿಗಳು ಹೆಚ್ಚಿದಷ್ಟೂ ನೀರು ಮಬ್ಬಾಗುತ್ತೆ, ಅಂಕಿ ಏರುತ್ತೆ. ಮೇಷ್ಟ್ರು ಆ ಹೊತ್ತಿನಲ್ಲಿ ಕ್ಲಾಸು ತೆಗೆದುಕೊಳ್ಳಲು ಹೋಗುತ್ತಿದ್ದ.

ಮೊದಲ ಸಂಜೆ ಬೈರಣ್ಣ ಹಾಲಿನ ಸಕ್ಕರೆಯನ್ನು ತೂಗಿ ಹಾಕುವ ಮುಂಚೆ ಒಂದು ಕಾಳಷ್ಟು ನಾಲಿಗೆಗೆ ಹಚ್ಚಿದ. ಸೊಪ್ಪಿನ ವ್ಯಾಪಾರ ಮಾಡಿದವನು, ಬಾಯಿಗೆ ಹಾಕದೆ ಯಾವುದನ್ನೂ ಯಾರಿಗೂ ಕೊಟ್ಟವನಲ್ಲ. ಅವನ ಮುಖ ಹುಳ್ಳಗಾಯಿತು. ಸೀಮೆಸುಣ್ಣಕ್ಕೆ ಯಾರೋ ದೂರದಿಂದ ಬೆಲ್ಲ ತೋರಿಸಿದ ಹಾಗಿತ್ತು ಅದರ ಸಿಹಿ.

ಇಲ್ಲಿ ಒಂದು ವಿಷಯ ನಿಮಗೆ ಗೊತ್ತಿರಬೇಕು. ಬೈರಣ್ಣನ ತಾಯಿ ಮುನಿವೆಂಕಟಮ್ಮನ ಮನೆಯಲ್ಲಿ ಯಾರಿಗೇ ಎಲೆ ಹಾಕಲಿ, ಎಲೆಯ ತುದಿಗೆ ಒಂದು ಚೂರು ಸಿಹಿ ಬೀಳದೆ ಅನ್ನ ಬೀಳುವಂತಿರಲಿಲ್ಲ. ಪಾಯಸವಾಗಲಿ, ಒಂದು ತುಣುಕು ಬೆಲ್ಲವಾಗಲಿ, ಏನೂ ಇಲ್ಲದಿದ್ದರೆ ಒಂದು ಬಾಳೆಹಣ್ಣಿನ ಬಿಲ್ಲೆಯಾಗಲಿ, ಮೊದಲು ಅದು. ಸಿಹಿ ಇಲ್ಲದೆ ಶುರುವಾಗುವ ಊಟ ಅಂದರೆ ಸೂತಕದ ಮನೆಯ ಊಟ. ಹುಟ್ಟಿದಾಗಿನಿಂದ ಹಾಗೇ ಉಂಡವನು, ಬಡಿಸಿದವನು. ಈಗ ನೋಡಿದರೆ ಕೋಟಿಗಟ್ಟಲೆ ಮರಿಗಳು ನಾಳೆ ಬೆಳಿಗ್ಗೆ ಊಟಕ್ಕೆ ಬರುತ್ತವೆ, ಎಲೆಯ ಮೇಲೆ ಸೀಮೆಸುಣ್ಣ. ಪಕ್ಕದ ಕಪಾಟಿನಲ್ಲಿ ಹುಡುಗರ ಪ್ರಾಕ್ಟಿಕಲ್ಲಿಗೆ ಇಟ್ಟಿದ್ದ ಗ್ಲೂಕೋಸಿನ ಡಬ್ಬ ಇತ್ತು. ಬೈರಣ್ಣ ಬಾಗಿಲ ಕಡೆ ನೋಡಿದ. ಮೂರು ಬೆರಳು ಡಬ್ಬಕ್ಕೆ ಇಳಿಸಿ ಒಂದು ಚಿಟಿಕೆ ತೆಗೆದು ಬುರುಡೆಗೆ ಉದುರಿಸಿದ. ಎಲೆ ತುದಿಗೆ ಅಷ್ಟೇ, ಹೊಟ್ಟೆ ತುಂಬ ಅಲ್ಲ. ಒಂದು ಲೀಟರಿನಲ್ಲಿ ಒಂದು ಚಿಟಿಕೆ ಯಾವ ಲೆಕ್ಕ ಅಂದುಕೊಂಡ. ಆಮೇಲೆ ದಿನವೂ ಅದೇ ಪದ್ಧತಿ ಆಯಿತು.

ಐದು ದಿನ ಅಂಕಿ ಬರೆದ. ಆರನೆಯ ದಿನ ವೆಂಕಟಾಚಲ ಆ ಅಂಕಿಗಳನ್ನೆಲ್ಲ ಚೌಕಳಿ ಕಾಗದದ ಮೇಲೆ ಗೆರೆಯಾಗಿ ಎಳೆದ. ಎಳೆದವನು ಎದ್ದು ನಿಂತ. ಮೊದಲು ಕೂತಿರಬೇಕಾಗಿದ್ದ ಮರಿಗಳು ಕೂತೇ ಇರಲಿಲ್ಲ, ಬಿಟ್ಟ ಕೂಡಲೇ ಬೆಳೆಯಲು ಹತ್ತಿದ್ದವು. ಆಮೇಲೆ ಮಧ್ಯಾಹ್ನ ಹನ್ನೆರಡೂವರೆಯಿಂದ ಒಂದೂಕಾಲರವರೆಗೆ ಐದೂ ದಿನ ಗೆರೆ ಹಲಗೆಯಂತೆ ಮಟ್ಟಸವಾಗಿತ್ತು. ಒಂದೂಕಾಲಿನ ಮೇಲೆ ಮತ್ತೆ ಏರು.

ಹನ್ನೆರಡೂವರೆಯಿಂದ ಒಂದೂಕಾಲು. ಯಾವ ಮೇಷ್ಟ್ರಾದರೂ ಏನು ಅಂದುಕೊಳ್ಳುತ್ತಾನೆ ಹೇಳಿ? ಬುತ್ತಿ ಬಿಚ್ಚಿ ಮುದ್ದೆ ಉಂಡು ಗೋಡೆಗೊರಗುವ ಹೊತ್ತು. ವೆಂಕಟಾಚಲ ಬೈರಣ್ಣನನ್ನು ಕರೆದು ಗೆರೆ ತೋರಿಸಿದ. ಸಿಟ್ಟಾದರೂ ದನಿ ಎತ್ತುವ ಜಾತಿಯವನಲ್ಲ, ಅದು ಇನ್ನೂ ಕಷ್ಟ.

"ಬೈರಣ್ಣ, ಊಟ ಮಾಡು ಬೇಡ ಅನ್ನಲ್ಲ. ನಿದ್ದೆ ಬಂದ್ರೆ ಎರಡು ರೀಡಿಂಗ್ ಬಿಟ್ಟೋಯ್ತು ಅಂತ ಬರಿ. ಹಿಂದಿನ ಅಂಕೀನೇ ಮೂರು ಸಲ ಕಾಪಿ ಮಾಡಿದ್ಯಲ್ಲ, ಅದು ಸುಳ್ಳು ಲೆಕ್ಕ."

"ನಾನ್ ಕಣ್ ಮುಚ್ಚಿಲ್ಲ ಸಾರ್. ಮುಳ್ಳೇ ಅಲ್ಲಾಡ್ಲಿಲ್ಲ. ನಾನೂ ನೋಡ್ದೆ, ಇದೇನಪ್ಪಾ ಅಂತ. ಊಟ ಆದ್ಮೇಲೆ ಒಂದ್ ಗಳಿಗೆ ಮಲಗ್ತಾವೇನೋ ಅನ್ಕೊಂಡೆ."

"ಮಲಗಿದ್ದು ಯಾರು ಅನ್ನೋದೇ ಪ್ರಶ್ನೆ," ಎಂದ ವೆಂಕಟಾಚಲ.

ಇದು ಪ್ರಿನ್ಸಿಪಾಲರ ಕಿವಿಗೆ ಬಿತ್ತು. ಸುಳ್ಳು ಅಂಕಿ ಅನ್ನುವ ಎರಡು ಪದ ಕೇಳಿದ್ದೇ ಅವರು ಬೈರಣ್ಣನ ಫೈಲನ್ನು ಮೇಜಿನ ಬಲಗಡೆಯಿಂದ ಎಡಗಡೆಗೆ ಇಟ್ಟರು. ಎಡಗಡೆಗೆ ಹೋದ ಫೈಲು ವಾಪಸ್ಸು ಬಂದದ್ದನ್ನು ಆ ಕಾಲೇಜಿನಲ್ಲಿ ಯಾರೂ ನೋಡಿರಲಿಲ್ಲ.

ಅವತ್ತು ಬೈರಣ್ಣ ಸೈಕಲ್ ಹತ್ತದೆ ತಳ್ಳಿಕೊಂಡು ಮನೆಗೆ ಹೋದ. ಮಂಗಮ್ಮ ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ನಡೆದದ್ದನ್ನು ಹೇಳಿದ. ನಿದ್ದೆ ಮಾಡಲಿಲ್ಲ ಅಂತ ಆಣೆಯಿಟ್ಟ. ಆಕೆ ಆಣೆಯನ್ನು ನಂಬಿದಳು, ಗಂಡನನ್ನು ಪೂರ್ತಿ ನಂಬಲಿಲ್ಲ.

"ನಿದ್ದೆ ಮಾಡಿಲ್ಲ, ಸರಿ. ಬೇರೆ ಏನ್ ಮಾಡಿದ್ರಿ? ಸುಮ್ನೆ ಇರೋ ಕೈ ಅಲ್ಲ ನಿಮ್ದು."

ಬೈರಣ್ಣ ಅವರೆಕಾಯಿ ಬುಟ್ಟಿಗೆ ಕೈ ಹಾಕಿ ತಾನೂ ಸುಲಿಯಲು ಕೂತ. ಚಿಟಿಕೆಯ ವಿಷಯ ನಾಲಿಗೆಯ ತುದಿಗೆ ಬಂತು. ಅದಕ್ಕೂ ಇದಕ್ಕೂ ಏನು ಸಂಬಂಧ ಅಂತ ತನಗೆ ತಾನೇ ಹೇಳಿಕೊಂಡ. ಹೇಳದೆ ಒಂದು ಪದಾರ್ಥ ಮುಟ್ಟಿದ್ದಕ್ಕೇ ಹಿಂದಿನವನು ಮನೆಗೆ ಹೋದದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ನುಂಗಿಕೊಂಡ.

ಮಾರನೆಯ ದಿನ ಪ್ರಿನ್ಸಿಪಾಲರ ಮುಂದೆ ಕೈಮುಗಿದು, ನೀವೇ ಬಂದು ಕೂತು ನೋಡಿ ಸ್ವಾಮಿ, ಆಮೇಲೆ ಬೇಕಾದ್ದು ಮಾಡಿ ಅಂದ. ಅನಂತಪದ್ಮನಾಭರಿಗೆ ಆ ಮಾತು ಹಿಡಿಸಿತು. ಬುಧವಾರ ಬೆಳಿಗ್ಗೆ ಒಂಬತ್ತರ ಬದಲು ಏಳಕ್ಕೇ ಶುರು ಮಾಡುವುದು, ಅಟೆಂಡರು ಯಂತ್ರ ಮುಟ್ಟಕೂಡದು, ಅಂಕಿಯನ್ನು ತಾವೇ ಓದುವುದು ಅಂತ ತೀರ್ಮಾನ ಮಾಡಿದರು. ಮಂಗಳವಾರ ಸಂಜೆ ಬುರುಡೆ ಸಿದ್ಧ ಮಾಡುವಾಗ ಬೈರಣ್ಣನ ಮೂರು ಬೆರಳು ಡಬ್ಬದ ಮೇಲೆ ಒಂದು ನಿಮಿಷ ನಿಂತವು. ಪ್ರಿನ್ಸಿಪಾಲರು ಬರುವ ದಿನವೇ ಮರಿಗಳಿಗೆ ಸೂತಕದ ಊಟವೇ? ಹಾಕಿದ.

ಬುಧವಾರ ಏಳಕ್ಕೆ ಮರಿಗಳು ನೀರಿಗೆ ಬಿದ್ದವು. ಪ್ರಿನ್ಸಿಪಾಲರು ಕೋಟು ಬಿಚ್ಚದೆ ಯಂತ್ರದ ಮುಂದೆ ಕೂತರು, ವೆಂಕಟಾಚಲ ಪಕ್ಕದಲ್ಲಿ. ಬೈರಣ್ಣ ಗೋಡೆ ಪಕ್ಕದ ಸ್ಟೂಲಿನಲ್ಲಿ ಎರಡೂ ಕೈಯನ್ನು ಮಂಡಿಯ ಮೇಲೆ ಹರಡಿಕೊಂಡು ಕೂತ, ಫೋಟೋ ತೆಗೆಸಿಕೊಳ್ಳುವವರ ಹಾಗೆ. ಕಣ್ಣು ಪಿಳುಕಿಸಿದರೂ ನಿದ್ದೆ ಅಂದುಬಿಟ್ಟಾರು ಅಂತ ನಾಲ್ಕೂಕಾಲು ಗಂಟೆ ರೆಪ್ಪೆ ಬಡಿಯಲಿಲ್ಲವಂತೆ. ಇದನ್ನು ಅವನೇ ಹೇಳಿದ್ದು, ನನ್ನ ಸೇರಿಕೆ ಇಲ್ಲ.

ಅಂಕಿ ಏರಿತು, ಏರಿತು. ಹತ್ತೂವರೆಗೆ ಮುಳ್ಳು ನಿಂತಿತು. ಹತ್ತೂಮುಕ್ಕಾಲಿಗೂ ಅಲ್ಲೇ. ಪ್ರಿನ್ಸಿಪಾಲರು ಯಂತ್ರದ ತಲೆಗೆ ಬೆರಳಿನಿಂದ ಮೂರು ಸಲ ಕುಟ್ಟಿದರು. ಹನ್ನೊಂದಕ್ಕೂ ಅಲ್ಲೇ. ಕನ್ನಡಕ ಒರೆಸಿ ಹಾಕಿಕೊಂಡರು. ಹನ್ನೊಂದೂಕಾಲಿಗೆ ಮುಳ್ಳು ಮೆಲ್ಲಗೆ ಮೈಮುರಿದು ಮೇಲಕ್ಕೆ ಹೊರಟಿತು. ಅಟೆಂಡರ ಊಟದ ಹೊತ್ತಿಗೂ ಮುಳ್ಳಿಗೂ ನಂಟಿಲ್ಲ ಅನ್ನುವುದು ಇಬ್ಬರಿಗೂ ಗೊತ್ತಾಯಿತು. ವೆಂಕಟಾಚಲ ಎದ್ದು ಬಂದು, ತಪ್ಪು ತಿಳಿದೆ ಬೈರಣ್ಣ, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ ಎಂದ. ಪ್ರಿನ್ಸಿಪಾಲರು ಸೋಮವಾರ ಸಹಿ ಮಾಡುತ್ತೇನೆ ಎಂದು ಹೇಳಿ ಹೊರಟರು. ಫೈಲು ಎಡಗಡೆಯಿಂದ ಬಲಗಡೆಗೆ ಬಂತು ಅಂತ ಜವಾನರೆಲ್ಲ ಬಂದು ಬೈರಣ್ಣನ ಕೈ ಕುಲುಕಿದರು.

ಮುಗಿಯಿತಲ್ಲ ಅಂತೀರಾ? ಮುಗಿದಿದ್ದರೆ ನಾನು ಇಷ್ಟು ಹೊತ್ತು ನಿಮ್ಮ ಮುಖ ನೋಡಿಕೊಂಡು ಯಾಕೆ ಕೂತಿರುತ್ತಿದ್ದೆ?

ವೆಂಕಟಾಚಲನಿಗೆ ಅವತ್ತಿನಿಂದ ಹುಚ್ಚು ಹಿಡಿಯಿತು. ಶುದ್ಧವಾದ ಹಾಲಿನ ಸಕ್ಕರೆಯಲ್ಲಿ ಮೊದಲು ನಿಲ್ಲದೆ ಮಧ್ಯದಲ್ಲಿ ನಿಲ್ಲುವ ಬ್ಯಾಕ್ಟೀರಿಯಾ, ಲೋಕದಲ್ಲಿ ಯಾರೂ ಕಂಡಿಲ್ಲ, ಫ್ರಾನ್ಸಿನವರೂ ಕಂಡಿಲ್ಲ ಎನ್ನುತ್ತಾ ಪ್ರಯೋಗಶಾಲೆಯಲ್ಲಿ ಆಚೆಯಿಂದೀಚೆ ಓಡಾಡಿದ. ಮುಂದಿನ ವಾರದ ಶನಿವಾರ ಊರಿನ ಕಾಲೇಜುಗಳ ಮೇಷ್ಟ್ರುಗಳೆಲ್ಲ ಸೇರುವ ಸಭೆ ಇತ್ತು. ಅಲ್ಲಿ ಇದನ್ನು ಹೇಳುತ್ತೇನೆ, ಆಮೇಲೆ ಹೊರದೇಶದ ಪತ್ರಿಕೆಗೆ ಕಳಿಸುತ್ತೇನೆ ಎಂದ. ಅದಕ್ಕೆಂದು ಬರೆಯತೊಡಗಿದ ಲೇಖನದ ಕೊನೆಯಲ್ಲಿ ಬೈರಣ್ಣನ ಹೆಸರನ್ನೂ ಕೃತಜ್ಞತೆ ಅಂತ ಹಾಕಿದ.

ಅವನು ಶುದ್ಧ ಅಂದಾಗಲೆಲ್ಲ ಬೈರಣ್ಣ ಗ್ಲೂಕೋಸಿನ ಡಬ್ಬದ ಕಡೆ ನೋಡುತ್ತಿದ್ದ. ಗುರುವಾರ ಎಂಟು ಸಲ ಅಂದ. ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಲೆಕ್ಕ ತಪ್ಪಿತು. ನಾಲ್ಕನೇ ಕ್ಲಾಸಿನ ಬುದ್ಧಿಗೂ ಒಂದು ವಿಷಯ ಹೊಳೆದಿತ್ತು. ಮೇಷ್ಟ್ರು ಹೇಳಿದ ಪ್ರಕಾರ ಮರಿಗಳು ಮೊದಲೇ ಕೂತಿರಬೇಕಿತ್ತು. ಕೂರದೆ ತಿನ್ನಲು ಹತ್ತಿದವು ಅಂದರೆ ತಿಂದದ್ದು ಏನನ್ನು? ಎಲೆ ತುದಿಯದನ್ನೇ ಇರಬೇಕು. ಬಾಯಿ ಮುಚ್ಚಿಕೊಂಡಿದ್ದರೆ ಸೋಮವಾರ ಸಹಿ ಬೀಳುತ್ತೆ, ನೌಕರಿ ಕಾಯಂ, ಮಂಗಮ್ಮ ಸುತ್ತಿಗೆಯ ಹೆಸರು ಕೇಳುವುದು ತಪ್ಪುತ್ತೆ. ಆದರೆ ಈ ಹುಡುಗ ಶನಿವಾರ ತುಂಬಿದ ಸಭೆಯಲ್ಲಿ ಎದ್ದು ನಿಂತು ಶುದ್ಧ ಅನ್ನುತ್ತಾನೆ. ಯಾವತ್ತೋ ಒಂದು ದಿನ ಯಾರೋ ಒಬ್ಬರು ಅದೇ ಪ್ರಯೋಗ ಮಾಡಿ ನೋಡುತ್ತಾರೆ. ಆಗ ಸುಳ್ಳು ಅಂಕಿ ಬರೆದವನು ಅಂತ ಅನ್ನಿಸಿಕೊಳ್ಳುವುದು ಇವನು. ಆ ಮಾತು ಬೆನ್ನಿಗೆ ಅಂಟಿದರೆ ಹೇಗಿರುತ್ತೆ ಅಂತ ಬೈರಣ್ಣ ಐದು ದಿನ ಹೊತ್ತು ನೋಡಿದ್ದ.

ಸಂಜೆ ವೆಂಕಟಾಚಲ ಕೋಟು ಹಾಕಿಕೊಳ್ಳುತ್ತಿದ್ದಾಗ ಬೈರಣ್ಣ ಬಾಗಿಲಿಗೆ ಅಡ್ಡ ನಿಂತ.

"ಸಾರ್, ಅದು ಶುದ್ಧ ಅಲ್ಲ. ನಾನ್ ದಿನಾ ಒಂದ್ ಚಿಟಿಕೆ ಗ್ಲೂಕೋಸ್ ಹಾಕ್ತಿದ್ದೆ."

ವೆಂಕಟಾಚಲನ ಒಂದು ಕೈ ಕೋಟಿನ ತೋಳಿನಲ್ಲಿ ಅರ್ಧಕ್ಕೆ ನಿಂತಿತು.

"ಯಾಕೆ?"

"ಮರಿಗಳಿಗೆ ಮೊದಲು ಸಿಹಿ ಹಾಕ್ದೆ ಹೆಂಗ್ ಸಾರ್ ಊಟಕ್ಕಿಡೋದು? ನೀವ್ ಕೊಟ್ಟಿದ್ದು ಬಾಯಲ್ಲಿಟ್ರೆ ಸುಣ್ಣ."

ವೆಂಕಟಾಚಲ ಆ ಅರ್ಧ ಕೋಟಿನಲ್ಲೇ ಕುರ್ಚಿಗೆ ಕುಸಿದ. ತಲೆ ಹಿಡಿದುಕೊಂಡ. ಭುಜ ಅಲ್ಲಾಡತೊಡಗಿತು. ಅಳುತ್ತಿದ್ದಾನೆ ಅಂದುಕೊಂಡು ಬೈರಣ್ಣ ಹತ್ತಿರ ಹೋದರೆ, ನಗು. ಕಣ್ಣಲ್ಲಿ ನೀರು ಬರುವ ಹಾಗೆ, ಉಸಿರು ಸಿಗದ ಹಾಗೆ. ನಗು ನಿಂತ ಮೇಲೆ ಸ್ವಲ್ಪ ಹೊತ್ತು ಪೆಚ್ಚಾಗಿ ಗೋಡೆ ನೋಡಿದ, ಅದೂ ನಿಜವೇ. ಲೋಕದಲ್ಲಿ ಯಾರೂ ಕಾಣದ್ದು ಅನ್ನುವುದು ಹಾರಿಹೋಗಿತ್ತಲ್ಲ. ಎರಡು ಸಕ್ಕರೆ ಒಟ್ಟಿಗೆ ಇಟ್ಟರೆ ಗ್ಲೂಕೋಸನ್ನೇ ಮೊದಲು ತಿಂದು ಮುಗಿಸುತ್ತವೆ, ಆಮೇಲೆ ಹಾಲಿನ ಸಕ್ಕರೆಯ ಕತ್ತರಿ ಮಾಡಿಕೊಳ್ಳಲು ನಡುವೆ ನಿಲ್ಲುತ್ತವೆ ಅನ್ನುವುದನ್ನು ಫ್ರಾನ್ಸಿನಲ್ಲಿ ಇಪ್ಪತ್ತು ವರ್ಷದ ಹಿಂದೆಯೇ ಕಂಡಿದ್ದರಂತೆ. ಅದನ್ನು ಓದಿದ್ದೂ ಇವನಿಗೆ ನೆನಪಿತ್ತು. ತನ್ನ ಬುರುಡೆಯೊಳಗೆ ಗ್ಲೂಕೋಸು ಇದೆ ಅನ್ನುವುದೊಂದು ಗೊತ್ತಿರಲಿಲ್ಲ.

ಗೋಡೆ ನೋಡುವುದು ಮುಗಿದ ಮೇಲೆ ಅವನು ಎದ್ದು ಸೂಕ್ಷ್ಮದ ತಕ್ಕಡಿಯ ಗಾಜಿನ ಬಾಗಿಲು ತೆರೆದ. ಹಾಕುತ್ತಿದ್ದದ್ದು ಎಷ್ಟು, ತೋರಿಸು ಎಂದ. ಬೈರಣ್ಣ ಮೂರು ಬೆರಳಲ್ಲಿ ಒಂದು ಚಿಟಿಕೆ ಉದುರಿಸಿದ. ತೂಗಿ ಬರೆದುಕೊಂಡು, ಇನ್ನೊಂದು ಎಂದ. ಹೀಗೆ ಹತ್ತು ಚಿಟಿಕೆ. ಹತ್ತೂ ಹೆಚ್ಚುಕಡಿಮೆ ಒಂದೇ ತೂಕ. ಇಪ್ಪತ್ತೈದು ವರ್ಷ ದಂಟಿನ ಬೀಜವನ್ನು ಪಾತಿಗೊಂದು ಚಿಟಿಕೆಯಂತೆ ಉದುರಿಸಿದ ಕೈ ಸ್ವಾಮಿ ಅದು. ತಕ್ಕಡಿ ಬೈರಣ್ಣನ ಬೆರಳನ್ನು ನೋಡಿ ತನ್ನ ಮುಳ್ಳನ್ನು ಸರಿಮಾಡಿಕೊಂಡಿತು ಅಂತ ನಾನು ಹೇಳುವುದಿಲ್ಲ, ಹೇಳಿದರೆ ನೀವು ಎದ್ದು ಹೋಗುತ್ತೀರಿ.

ಸೋಮವಾರ ಅನಂತಪದ್ಮನಾಭರು ಫೈಲಿಗಾಗಿ ಕೈ ಚಾಚುವ ಮುಂಚೆ ವೆಂಕಟಾಚಲ ಹೋಗಿ, ಶನಿವಾರದ ಸಭೆ ಆಗುವವರೆಗೆ ತಡೆಯಿರಿ, ವಿಷಯ ಇದೆ ಎಂದು ಹೇಳಿ ಬಂದ. ಆ ವಾರವೆಲ್ಲ ಬೈರಣ್ಣ ಸೈಕಲ್ ತಳ್ಳಿಕೊಂಡೇ ಮನೆಗೆ ಹೋದ. ಕೊನೆಗೆ ಮಂಗಮ್ಮನಿಗೂ ಹೇಳಿದ. ಆಕೆ ಬೈಯುತ್ತಾಳೆ ಅಂದುಕೊಂಡಿದ್ದ. ಆಕೆ ಒಲೆಯ ಮುಂದೆ ಕೂತು ಬಹಳ ಹೊತ್ತು ಯೋಚನೆ ಮಾಡಿ, ಅಲ್ಲ, ಅಷ್ಟು ದೊಡ್ಡ ಬುರುಡೆಗೆ ಒಂದೇ ಚಿಟಿಕೆ ಹಾಕಿದಿರಾ, ಕೈ ಬಿಗಿ ಅಂತ ಅಂದುಕೊಳ್ಳಲ್ಲವೇ ಎಂದಳು.

ಆ ವಾರ ನಾಲ್ಕು ಬುರುಡೆ ಕೂಡಿಸಿದರು. ಒಂದಕ್ಕೆ ಚಿಟಿಕೆ ಇಲ್ಲ, ಒಂದಕ್ಕೆ ಒಂದು, ಒಂದಕ್ಕೆ ಎರಡು, ಒಂದಕ್ಕೆ ಮೂರು. ಸಿಹಿ ಇಲ್ಲದ ಬುರುಡೆಯಲ್ಲಿ ಮರಿಗಳು ಮೊದಲೇ ಮುಕ್ಕಾಲು ಗಂಟೆ ಮುನಿಸಿಕೊಂಡು ಕೂತವು. ಒಂದು ಚಿಟಿಕೆಯದರಲ್ಲಿ ಹಿಂದಿನ ಹಾಗೇ ನಡುವೆ ಕೂತವು. ಎರಡು ಹಾಕಿದ್ದರಲ್ಲಿ ಇನ್ನೊಂದು ಗಂಟೆ ತಡವಾಗಿ ಕೂತವು, ಮೂರರಲ್ಲಿ ಅದಕ್ಕಿಂತ ತಡವಾಗಿ. ಸಿಹಿ ಮುಗಿಯುವವರೆಗೆ ಹಾಲಿನ ಸಕ್ಕರೆಯನ್ನು ಮೂಸಿಯೂ ನೋಡಲಿಲ್ಲ.

ಹಾಗಾದರೆ ಎದುರಿಗೇ ಇರುವ ಹಾಲಿನ ಸಕ್ಕರೆಗೆ ಕತ್ತರಿ ಮೊದಲೇ ಯಾಕೆ ಮಾಡಿಟ್ಟುಕೊಳ್ಳುವುದಿಲ್ಲ, ಯಾರು ತಡೆಯುತ್ತಾರೆ ಅಂತ ಬೈರಣ್ಣ ಕೇಳಿದ. ವೆಂಕಟಾಚಲ ವಿವರಿಸಿದ. ಆ ಜೀನಿನ ಮೇಲೆ ಒಂದು ಕಾವಲು ಪದಾರ್ಥ ಕೂತಿರುತ್ತೆ. ಅದು ಕೂತಿರುವವರೆಗೆ ಆ ವಿಧಾನವನ್ನು ಯಾರಿಗೂ ಓದಲಾಗುವುದಿಲ್ಲ. ಹಾಲಿನ ಸಕ್ಕರೆ ಒಳಗೆ ಬಂದರೆ ಅದೇ ಹೋಗಿ ಕಾವಲಿಗೆ ತಗಲಿಕೊಳ್ಳುತ್ತೆ, ಕಾವಲು ಜಾರುತ್ತೆ, ವಿಧಾನ ತೆರೆದುಕೊಳ್ಳುತ್ತೆ, ಕತ್ತರಿ ತಯಾರಾಗುತ್ತೆ. ಸಕ್ಕರೆ ಮುಗಿದರೆ ಕಾವಲು ಮತ್ತೆ ಬಂದು ಕೂರುತ್ತೆ.

ಬೈರಣ್ಣ ತೊಡೆ ತಟ್ಟಿದ. ಇದು ತನ್ನ ಮನೆಯದೇ ಕಥೆ ಎಂದ. ಅವನ ತಾಯಿ ಮುನಿವೆಂಕಟಮ್ಮ ಒತ್ತುಶಾವಿಗೆಯ ಒರಳನ್ನು ಮರದ ಪೆಟ್ಟಿಗೆಯಲ್ಲಿಟ್ಟು ಇಡೀ ದಿನ ಆ ಪೆಟ್ಟಿಗೆಯ ಮೇಲೆಯೇ ಕೂತು ಎಲೆಅಡಿಕೆ ಜಗಿಯುತ್ತಿದ್ದಳು. ಸೊಸೆ ಮಂಗಮ್ಮನಿಗೆ ಶಾವಿಗೆ ಮಾಡುವುದು ಚೆನ್ನಾಗಿ ಗೊತ್ತು, ಒರಳು ಕೈಗೆ ಸಿಗಬೇಕಲ್ಲ. ಬೀಗರು ಬಂದರೆ ಮಾತ್ರ, ಅವರೇ ಒಳಗೆ ಬಂದು ಏನಮ್ಮಾ ಚೆನ್ನಾಗಿದ್ದೀರಾ ಅಂತ ಮುದುಕಿಯ ಕೈ ಹಿಡಿದು ಜಗಲಿಗೆ ಕರೆದುಕೊಂಡು ಹೋಗುತ್ತಿದ್ದರು. ಮುದುಕಿ ಎದ್ದ ಕೂಡಲೇ ಮಂಗಮ್ಮ ಪೆಟ್ಟಿಗೆ ತೆಗೆದು ಒರಳು ಹೂಡುತ್ತಿದ್ದಳು. ಬೀಗರು ಉಂಡು ಹೊರಟರೆ ಮುದುಕಿ ವಾಪಸ್ಸು ಪೆಟ್ಟಿಗೆಯ ಮೇಲೆ.

"ಶಾವಿಗೆ ತಿನ್ನೋಕ್ ಬಂದೋರೇ ಅತ್ತೇನ ಎಬ್ಬಿಸ್ಬೇಕು ಸಾರ್. ಸೊಸೆ ಎಬ್ಬಿಸಿದ್ರೆ ಏಳಲ್ಲ."

ವೆಂಕಟಾಚಲ ಅದನ್ನು ಹಾಗೇ ಬರೆದುಕೊಂಡ. ಸರಿ, ಗ್ಲೂಕೋಸು ಇದ್ದರೆ ಸೊಸೆಗೂ ಶಾವಿಗೆ ಬೇಡ ಅನ್ನಿಸುತ್ತಲ್ಲ, ಅದು ಯಾಕೆ ಅಂತ ಬೈರಣ್ಣ ಕೇಳಿದ್ದಕ್ಕೆ, ಅದು ಇನ್ನೂ ಯಾರಿಗೂ ಸರಿಯಾಗಿ ಗೊತ್ತಿಲ್ಲ ಎಂದ. ನಮ್ಮ ಮೈಯಲ್ಲೂ ಹಾಗೇ, ಕಣ್ಣಿನ ಕೋಶದಲ್ಲೂ ಕಾಲಿನ ಕೋಶದಲ್ಲೂ ಇರುವುದು ಅವೇ ಜೀನುಗಳು, ಯಾವುದು ತೆರೆದಿದೆ ಯಾವುದು ಮುಚ್ಚಿದೆ ಅನ್ನುವುದರಲ್ಲಿ ವ್ಯತ್ಯಾಸ ಎಂದೂ ಹೇಳಿದ. ಬೈರಣ್ಣ ತನ್ನ ಕಾಲನ್ನು ಒಂದು ಸಲ ಅನುಮಾನದಿಂದ ನೋಡಿಕೊಂಡ. ಅದಕ್ಕೂ ನೋಡುವುದು ಗೊತ್ತಿದ್ದೂ ಇ‍ಷ್ಟು ವರ್ಷ ಮುಳ್ಳು ತುಳಿಯಿತೇ ಅನ್ನುವ ಹಾಗೆ.

ಶನಿವಾರದ ಸಭೆಯಲ್ಲಿ ವೆಂಕಟಾಚಲ ನಾಲ್ಕು ಗೆರೆಗಳನ್ನು ತೋರಿಸಿದ. ಹೊಸದನ್ನು ಕಂಡೆ ಅನ್ನಲಿಲ್ಲ. ತಿಳಿದವರು ಹೇಳಿದ್ದನ್ನು ನಮ್ಮ ಊರಿನಲ್ಲಿ, ನಮ್ಮ ಅಟೆಂಡರ ಚಿಟಿಕೆಯ ಅಳತೆಯಲ್ಲಿ ಕಂಡೆವು ಎಂದ. ಶಾವಿಗೆ ಪೆಟ್ಟಿಗೆಯನ್ನೂ ಹೇಳಿದ. ಸಭೆಗೆ ಅತ್ಯಂತ ಚೆನ್ನಾಗಿ ಅರ್ಥವಾದದ್ದು ಅದೇ. ಮುಂದಿನ ಸಾಲಿನಲ್ಲಿದ್ದ ಅನಂತಪದ್ಮನಾಭರು ಮಾತ್ರ ನಗಲಿಲ್ಲ. ಎಲ್ಲರೂ ಹೋದ ಮೇಲೆ ಬೈರಣ್ಣನನ್ನು ಕೋಣೆಗೆ ಕರೆಸಿದರು. ಮೇಜಿನ ನಡುವೆ, ಎಡಕ್ಕೂ ಅಲ್ಲ ಬಲಕ್ಕೂ ಅಲ್ಲ, ಫೈಲು ಇತ್ತು.

"ಹೇಳ್ದೆ ಕೇಳ್ದೆ ಹಾಕಿದ್ದು ತಪ್ಪು," ಎಂದರು. "ನಾನು ಸಹಿ ಹಾಕ್ತೀನಿ ಅಂತ ಹೇಳಿದ್ಮೇಲೆ ನೀನಾಗೇ ಬಂದು ಸಿಕ್ಕಿಹಾಕ್ಕೊಂಡ್ಯಲ್ಲ, ನಿನಗೆ ಬುದ್ಧಿ ಇದೆಯೋ ಇಲ್ವೋ?"

"ಅದ್ ಇದ್ದಿದ್ರೆ ಚಿಟಿಕೆ ಯಾಕ್ ಹಾಕ್ತಿದ್ದೆ ಸ್ವಾಮಿ."

ಅನಂತಪದ್ಮನಾಭರು ಐದು ದಿನದ ಹಳೆಯ ಪುಸ್ತಕವನ್ನು ತೆರೆದು, ಹನ್ನೆರಡೂವರೆಯಿಂದ ಒಂದೂಕಾಲರವರೆಗಿನ ಅಂಕಿಗಳ ಮೇಲೆ ಬೆರಳಾಡಿಸಿದರು. ಒಂದೇ ಅಂಕಿ ಮತ್ತೆ ಮತ್ತೆ. ಏರದ ಮುಳ್ಳನ್ನು ಏರಿಸಿ ಬರೆದಿದ್ದರೆ ಯಾರಿಗೂ ಅನುಮಾನವೇ ಬರುತ್ತಿರಲಿಲ್ಲ, ಯಾಕೆ ಬರೆಯಲಿಲ್ಲ ಎಂದು ಕೇಳಿದರು. ಏರಲಿಲ್ಲವಲ್ಲ ಸ್ವಾಮಿ ಎಂದ ಬೈರಣ್ಣ. ಅವರು ಪೆನ್ನಿನ ಮುಚ್ಚಳ ತೆಗೆದು ಸಹಿ ಹಾಕಿದರು. ಹಾಕಿ, ಕೆಳಗೆ ಕೆಂಪು ಮಸಿಯಲ್ಲಿ ಒಂದು ಷರತ್ತು ಬರೆದರು. ಸದರಿ ನೌಕರನು ಯಾವ ಪಾತ್ರೆಗಾದರೂ ತಾನಾಗಿ ಏನನ್ನಾದರೂ ಹಾಕಿದರೆ, ಹಾಕಿದ್ದನ್ನು ಪುಸ್ತಕದಲ್ಲಿ ಬರೆಯತಕ್ಕದ್ದು.

ಬೈರಣ್ಣ ಅದನ್ನು ಅಕ್ಷರಶಃ ಪಾಲಿಸಿದ. ರಿಟೈರಾಗುವವರೆಗೆ ದಿನವೂ ಪುಟದ ಕೆಳಗೆ, ಇವತ್ತು ನಾನು ಏನೂ ಹಾಕಿಲ್ಲ, ಬೈರಣ್ಣ, ಅಂತ ದಪ್ಪ ಅಕ್ಷರದಲ್ಲಿ ಬರೆದು ಗೆರೆ ಎಳೆಯುತ್ತಿದ್ದ. ಪ್ರಯೋಗವೇ ಇಲ್ಲದ ರಜದ ದಿನವೂ ಬಂದು ಬರೆದು ಹೋದದ್ದುಂಟು. ಒಂದೇ ಒಂದು ದಿನದ ಪುಟದಲ್ಲಿ ಮಾತ್ರ ಬೇರೆ ಇದೆ. ಅವನ ಮಗಳ ಮದುವೆ ಗೊತ್ತಾದ ದಿನ ಅದು, ಅವತ್ತು ಏನು ಬರೆದಿದ್ದ ಅಂದರೆ, ಇವತ್ತು ಎರಡು...

"ರೀ, ಯಾರ ಹತ್ರ ಮಾತು ಅಷ್ಟೊತ್ತಿಂದ? ಖಾಲಿ ಕುರ್ಚಿ ಹತ್ರಾನಾ? ತಟ್ಟೆ ಹಾಕಾಯ್ತು, ಸಾರು ಆರ್ತಿದೆ, ಬನ್ನಿ."

ಬಂದೆ, ಸರಸ್ವತಿ, ಬಂದೆ.